ಬೆಟ್ಟದ ದಾರಿಯ ಊಟ: ಎಲ್ಲಿ, ಯಾವ ಹೊತ್ತಿಗೆ, ಏನು?

ಇಬ್ಬರು ಬೆಳೆಗಾರರು ಸೇರಿದರೆ ಮೊದಲು ಮಳೆಯ ಮಾತು, ಆಮೇಲೆ ಧಾರಣೆಯ ಮಾತು. ಇವೆರಡೂ ಮುಗಿದ ಮೇಲೆ ಮೂರನೆಯದಾಗಿ ಬರುವುದು ಊಟದ ಮಾತು. ಅಡಿಕೆ ಮಂಡಿಗೆ ಹೋದಾಗ ಎಲ್ಲಿ ತಿಂಡಿ ತಿಂದಿರಿ, ಗೊಬ್ಬರ ತರಲು ಹೋದಾಗ ಎಲ್ಲಿ ಉಂಡಿರಿ, ಬೆಟ್ಟಕ್ಕೆ ಹೋದಾಗ ಮಕ್ಕಳಿಗೆ ಏನು ಕೊಡಿಸಿದಿರಿ ಎಂದು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ತೋಟದವರ ಪ್ರಯಾಣ ಹೆಚ್ಚಾಗಿ ಕೆಲಸಕ್ಕಾಗಿ. ಬೆಳಗಿನ ಬಸ್ಸು ಹಿಡಿದು ಹೊರಟವರಿಗೆ ಹನ್ನೊಂದು ಗಂಟೆಗೆ ಹಸಿವಾಗುತ್ತದೆ. ಆಗ ನೆನಪಿಗೆ ಬರುವುದು ಯಾರೋ ಹೇಳಿದ ಒಂದು ಹೋಟೆಲು.

ಆದರೆ ನಮ್ಮ ಶಿಫಾರಸುಗಳು ಬಹುಮಟ್ಟಿಗೆ ಅರ್ಧವಾಗಿರುತ್ತವೆ. "ಅಲ್ಲಿ ಚೆನ್ನಾಗಿದೆ" ಎಂದು ಹೇಳಿ ಮುಗಿಸುತ್ತೇವೆ. ಕೇಳಿದವರು ನಂಬಿ ಮೂರು ಗಂಟೆಗೆ ಹೋದರೆ ಅಲ್ಲಿ ಸಾರು ಮುಗಿದಿರುತ್ತದೆ, ಆರಿದ ಮುದ್ದೆ ಉಳಿದಿರುತ್ತದೆ. ಹೋಟೆಲಿಗೂ ಕೆಟ್ಟ ಹೆಸರು, ಹೇಳಿದವರಿಗೂ ಕೆಟ್ಟ ಹೆಸರು. ಆದ್ದರಿಂದ ಊಟದ ಶಿಫಾರಸು ಪೂರ್ತಿಯಾಗಬೇಕಾದರೆ ಜಾಗದ ಜೊತೆಗೆ ಮೂರು ವಿಷಯ ಹೇಳಬೇಕು: ಯಾವ ತಿನಿಸು, ಯಾವ ಹೊತ್ತು, ಯಾರ ಕೈ. ಇದಕ್ಕೆ ಉದಾಹರಣೆಯಾಗಿ ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯನ್ನು, ಅದರಲ್ಲಿಯೂ ಕೌದಳ್ಳಿಯನ್ನು ತೆಗೆದುಕೊಳ್ಳೋಣ.

ಕೌದಳ್ಳಿ ಎಂಬ ನಿಲುಗಡೆ

ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿ.ಮೀ. ದಾರಿ. ಕಾಮಗೆರೆ, ಹನೂರು ದಾಟಿ ಕೌದಳ್ಳಿ, ಅಲ್ಲಿಂದ ಮುಂದೆ ಬೆಟ್ಟದ ಬುಡದ ತಾಳಬೆಟ್ಟ. ತಾಳಬೆಟ್ಟದಿಂದ ಆಚೆಗೆ ತಿರುವುಗಳು ಆರಂಭವಾಗುವುದರಿಂದ ಹೊಟ್ಟೆಗೆ ಏನಾದರೂ ಹಾಕಿಕೊಳ್ಳುವವರು ಹನೂರಿನಲ್ಲೋ ಕೌದಳ್ಳಿಯಲ್ಲೋ ನಿಲ್ಲುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಕಾಲ್ನಡಿಗೆಯ ಭಕ್ತರು ಇದೇ ದಾರಿಯಲ್ಲಿ ಸಾಗುತ್ತಾರೆ. ಬೆಂಗಳೂರು, ಕನಕಪುರ ಕಡೆಯಿಂದ ಸಂಗಮದಲ್ಲಿ ಕಾವೇರಿ ದಾಟಿ ಬರುವವರೂ ಉಂಟು.

ಈ ಸೀಮೆಯ ಊಟದಲ್ಲಿ ಎರಡು ಕಡೆಯ ರುಚಿ ಸೇರಿರುವುದಕ್ಕೆ ಚರಿತ್ರೆಯ ಕಾರಣವೂ ಇದೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಸೇರಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಕೌದಳ್ಳಿ ಈಗ ಹನೂರು ತಾಲ್ಲೂಕಿಗೆ ಸೇರಿದೆ. ಬೆಟ್ಟ ಇಳಿದು ಪಾಲಾರ್ ದಾಟಿದರೆ ಮೆಟ್ಟೂರು. ಹೀಗಾಗಿ ಒಂದೇ ಬೀದಿಯಲ್ಲಿ ಮುದ್ದೆ ಉಪ್ಪುಸಾರೂ ಪರೋಟವೂ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಹಿಟ್ಟು ಮತ್ತು ಉಪ್ಪುಸಾರು

ಹೊರಗಿನಿಂದ ಬಂದವರಿಗೆ ಈ ದಾರಿಯಲ್ಲಿ ಒಂದೇ ಊಟವನ್ನು ಶಿಫಾರಸು ಮಾಡಬೇಕೆಂದರೆ ಅದು ರಾಗಿ ಮುದ್ದೆ ಮತ್ತು ಉಪ್ಪುಸಾರು. ಮುದ್ದೆಯನ್ನು ಇಲ್ಲಿನವರು ಹಿಟ್ಟು ಎಂದೇ ಕರೆಯುತ್ತಾರೆ. ಉಪ್ಪುಸಾರಿನ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಸೊಪ್ಪನ್ನೋ ಅವರೆ, ಹುರುಳಿ, ಅಲಸಂದೆಯಂಥ ಕಾಳನ್ನೋ ಉಪ್ಪು ಹಾಕಿ ಬೇಯಿಸಿ ಕಟ್ಟನ್ನು ಬಸಿಯುತ್ತಾರೆ. ಬೆಂದ ಸೊಪ್ಪು ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಅರೆದ ಖಾರ ಬೇರೆಯಾಗಿ ಬರುತ್ತದೆ. ಖಾರವನ್ನು ಕಟ್ಟಿನಲ್ಲಿ ಎಷ್ಟು ಕಲಸಿಕೊಳ್ಳಬೇಕೆಂಬುದು ಉಣ್ಣುವವರಿಗೆ ಬಿಟ್ಟದ್ದು. ಅದೇ ಕಟ್ಟಿಗೆ ಮಸಾಲೆ ಅರೆದು ಹಾಕಿ ಕುದಿಸಿದರೆ ಬಸ್ಸಾರು.

ಇದರಲ್ಲಿ ಬಚ್ಚಿಡಲು ಜಾಗವಿಲ್ಲ. ಸೊಪ್ಪು ಬಾಡಿದ್ದರೆ ಕಟ್ಟು ಹೇಳಿಬಿಡುತ್ತದೆ. ಖಾರವನ್ನು ನಿನ್ನೆ ಅರೆದಿದ್ದರೆ ಬೆಳ್ಳುಳ್ಳಿಯ ವಾಸನೆ ಹೇಳಿಬಿಡುತ್ತದೆ. ಎಣ್ಣೆ, ಬಣ್ಣ, ಪುಡಿ ಸುರಿದು ತೇಪೆ ಹಾಕುವಂತಿಲ್ಲ. ಆದ್ದರಿಂದಲೇ ಹೊಸ ಹೋಟೆಲನ್ನು ಪರೀಕ್ಷಿಸಲು ಉಪ್ಪುಸಾರಿಗಿಂತ ಒಳ್ಳೆಯ ಅಳತೆಗೋಲಿಲ್ಲ. ಮುದ್ದೆಯದೂ ಇದೇ ಕಥೆ. ಹಿಟ್ಟು ಚೆನ್ನಾಗಿ ಬೆಂದು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿದ್ದರೆ ಮುರಿದಾಗ ಒಳಗಿನಿಂದ ಹಬೆ ಬರುತ್ತದೆ, ಬೆರಳಿಗೆ ಅಂಟುವುದಿಲ್ಲ. ಆರಿದ ಮೇಲೆ ಅದಕ್ಕೆ ಮತ್ತೆ ಜೀವ ಬರುವುದಿಲ್ಲ.

ಇಲ್ಲಿಯೇ ಹೊತ್ತಿನ ಪ್ರಶ್ನೆ ಬರುವುದು. ಸಣ್ಣ ಹೋಟೆಲಿನವರು ಒಂದು ಹೊತ್ತಿಗೆ ಒಂದು ಅಥವಾ ಎರಡು ಪಾತ್ರೆ ಅಡಿಗೆ ಮಾಡುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಹೋದವರಿಗೆ ಸಿಗುವ ಊಟವೇ ಬೇರೆ, ಮೂರು ಗಂಟೆಗೆ ಹೋದವರಿಗೆ ಸಿಗುವ ಊಟವೇ ಬೇರೆ. ಬೆಳಗಿನ ಹೊತ್ತಾದರೆ ಇಡ್ಲಿ ಕೇಳುವುದು ಕ್ಷೇಮ. ಸಂಜೆಯಾದರೆ ದೋಸೆ ಅಥವಾ ಪರೋಟ. ತಿನಿಸಿಗೆ ತಕ್ಕ ಹೊತ್ತು ನೋಡುವವರು ಸಾಧಾರಣ ಹೋಟೆಲಿನಲ್ಲಿಯೂ ಒಳ್ಳೆಯ ಊಟ ಮಾಡುತ್ತಾರೆ.

ಅನುಭವಸ್ಥರನ್ನು ಊಟದ ಜಾಗ ಕೇಳಿ ನೋಡಿ. ಅವರು ತಟ್ಟನೆ ಹೆಸರು ಹೇಳುವುದಿಲ್ಲ. "ಹಿಟ್ಟು ಬೇಕಾ, ಅನ್ನ ಬೇಕಾ? ಈಗ್ಲೇ ಬೇಕಾ, ಬೆಟ್ಟದಿಂದ ಬಂದ ಮ್ಯಾಲಾ?" ಎಂದು ತಿರುಗಿ ಕೇಳುತ್ತಾರೆ. ಇದರಲ್ಲಿ ಅರ್ಥವಿದೆ. ಬೆಟ್ಟಕ್ಕೆ ಹೋಗುವಾಗ ಮಾಂಸ ಮುಟ್ಟದವರು ಅನೇಕರು. ದರ್ಶನ ಮುಗಿಸಿ ಇಳಿದ ಮೇಲೆ ನಾಟಿಕೋಳಿ ಸಾರು ವಿಚಾರಿಸುವವರೂ ಅವರೇ. ಇಂಥ ಪ್ರಶ್ನೆ ಕೇಳದೆ ಕೊಟ್ಟ ಶಿಫಾರಸು ಕಣ್ಣು ಮುಚ್ಚಿ ಕೊಟ್ಟ ಔಷಧಿಯಂತೆ.

ಜಾತ್ರೆಯ ದಿನ, ವಾರದ ದಿನ

ಜಾತ್ರೆಯ ದಿನ ಉಂಡು ಹೋಟೆಲಿನ ಬೆಲೆ ಕಟ್ಟಬಾರದು. ಅಂದು ಇಪ್ಪತ್ತು ಜನಕ್ಕೆ ಬಡಿಸುವ ಕೈ ಇನ್ನೂರು ಜನಕ್ಕೆ ಬಡಿಸಬೇಕು. ಸಾರು ನೀರಾಗುತ್ತದೆ, ಲೋಟ ತೊಳೆಯಲು ಹುಡುಗರು ಸಾಲುವುದಿಲ್ಲ. ಅಂಥ ದಿನಗಳಲ್ಲಿ ದಾರಿಯುದ್ದಕ್ಕೂ ದಾನಿಗಳು ನಡೆಸುವ ಅನ್ನಸಂತರ್ಪಣೆ, ಮಜ್ಜಿಗೆ ಪಾನಕದ ಅರವಟ್ಟಿಗೆಗಳಿರುತ್ತವೆ. ಬೆಟ್ಟದ ಮೇಲೆ ದಾಸೋಹವಿದೆ. ಸಾಲಿನಲ್ಲಿ ಕುಳಿತು ಉಣ್ಣುವ ದಾಸೋಹದ ಅನ್ನಸಾರಿಗೆ ಯಾವ ಹೋಟೆಲೂ ಸಾಟಿಯಲ್ಲ ಎನ್ನುವವರ ಮಾತು ಭಕ್ತಿಯಿಂದ ಮಾತ್ರ ಬಂದದ್ದಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಬೆಂದ ಸಾರಿಗೆ ತನ್ನದೇ ರುಚಿಯುಂಟು.

ಹೋಟೆಲಿನ ನಿಜವಾದ ಗುಣ ಗೊತ್ತಾಗುವುದು ಜನ ಕಡಿಮೆಯಿರುವ ಮಂಗಳವಾರವೋ ಬುಧವಾರವೋ. ಅಂದು ಅಲ್ಲಿ ಉಣ್ಣುವವರು ಊರಿನ ಮೇಷ್ಟರು, ಬಸ್ಸಿನ ಚಾಲಕ, ನಿರ್ವಾಹಕ, ಲಾರಿಯವರು, ಗಾರೆ ಕೆಲಸದವರು. ಇವರು ದಿನಾ ಉಣ್ಣುವವರಾದ್ದರಿಂದ ಹೊಟ್ಟೆ ಕೆಡಿಸುವ ಜಾಗಕ್ಕೆ ಎರಡನೆಯ ಸಲ ಕಾಲಿಡುವುದಿಲ್ಲ. ಬಸ್ಸಿನವರು ಉಣ್ಣುವ ಜಾಗದಲ್ಲಿ ಉಣ್ಣು ಎಂಬ ಹಳೆಯ ಮಾತು ಇಂದಿಗೂ ಹುಸಿಯಾಗಿಲ್ಲ. ಆದರೆ ಅವರು ಎಲ್ಲರ ಜೊತೆ ಹಣ ಕೊಟ್ಟು ಉಣ್ಣುತ್ತಿದ್ದಾರೆಯೇ, ಪ್ರಯಾಣಿಕರನ್ನು ಕರೆತಂದುದಕ್ಕೆ ಒಳಗೆ ಕೂತು ಬಿಟ್ಟಿ ಉಣ್ಣುತ್ತಿದ್ದಾರೆಯೇ ಎಂಬುದನ್ನು ಗಮನಿಸಿ.

ಯಾರ ಕೈ?

ಹೊರಗಿನ ಊಟವೆಲ್ಲ ನಂಬಿಕೆಯ ಮೇಲಿನ ಊಟ. ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆಸಿದ್ದ ಪ್ರಸಾದ ತಿಂದು 17 ಮಂದಿ ಪ್ರಾಣ ಬಿಟ್ಟರು. ಅಂದಿನಿಂದ "ಯಾರು ಮಾಡಿದ ಅಡಿಗೆ?" ಎಂಬ ಪ್ರಶ್ನೆಗೆ ಇಲ್ಲಿ ಬೇರೆಯೇ ತೂಕ ಬಂದಿದೆ. ತೋಟದ ಮನೆಗಳಲ್ಲಿ ಔಷಧಿ ಡಬ್ಬಿ, ಸಿಂಪಡಣೆಯ ಪಾತ್ರೆಗಳು ಅಡಿಗೆಮನೆಯ ಹತ್ತಿರ ಸುಳಿಯಬಾರದು ಎಂಬುದನ್ನೂ ಇಲ್ಲಿಯೇ ಸದಸ್ಯರಿಗೆ ನೆನಪಿಸುವುದು ಉಚಿತ.

ಹೋಟೆಲಿನಲ್ಲಿ ಕೈ ನೋಡುವುದೆಂದರೆ ದೊಡ್ಡ ತನಿಖೆಯೇನಲ್ಲ. ಯಜಮಾನರು ಅಲ್ಲಿಯೇ ಉಣ್ಣುತ್ತಾರೆಯೇ, ಕುಡಿಯುವ ನೀರಿನ ಪಾತ್ರೆಗೆ ಮುಚ್ಚಳವಿದೆಯೇ, ತಟ್ಟೆ ತೊಳೆಯುವ ನೀರು ತಿಳಿಯಾಗಿದೆಯೇ ಎಂದು ನೋಡಿದರೆ ಸಾಕು. ಮನೆಯವರೇ ಒಲೆಯ ಮುಂದೆ ನಿಂತಿರುವ ನಾಲ್ಕು ಮೇಜಿನ ಹೋಟೆಲು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತದೆ.

ಸ್ವಲ್ಪ ಸುತ್ತಿ ಹೋಗುವವರಿಗೆ

ಬಿಡುವಿದ್ದವರು ಲೊಕ್ಕನಹಳ್ಳಿ ಕಡೆಯ ದಾರಿಯಲ್ಲಿ ಒಡೆಯರಪಾಳ್ಯಕ್ಕೆ ಹೋಗಿಬರಬಹುದು. 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ನರ ಶಿಬಿರ ಅಲ್ಲಿದೆ. ಹಬೆಯಲ್ಲಿ ಬೇಯಿಸಿದ ಮೊಮೊ ನಮ್ಮ ಕಡುಬಿನ ದಾಯಾದಿ. ಥುಕ್ಪಾ ಎಂಬುದು ಶಾವಿಗೆಯಂಥ ಎಳೆ, ತರಕಾರಿ ಅಥವಾ ಮಾಂಸ ಹಾಕಿದ ಬಿಸಿ ಸಾರು. ಮಳೆಗಾಲದ ಚಳಿಗೆ ಬಹಳ ಹಿತ. ಚಳಿಗಾಲದಲ್ಲಿ ಉಣ್ಣೆಬಟ್ಟೆಯ ವ್ಯಾಪಾರಕ್ಕೆಂದು ಅಲ್ಲಿನವರು ಅನೇಕರು ದೂರದ ಊರುಗಳಿಗೆ ಹೋಗುವುದರಿಂದ ಮೊದಲು ವಿಚಾರಿಸಿ ಹೊರಡುವುದು ಲೇಸು.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತಿದರೆ ಅಲ್ಲಿರುವುದು ನಮ್ಮದೇ ಬೆಳೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಆ ಬೆಟ್ಟಗಳಲ್ಲಿ ಕಾಫಿ ಇದೆ. ಈಗ ಸೋಲಿಗ ಕುಟುಂಬಗಳು ಮರಗಳ ನೆರಳಿನಲ್ಲಿ ಸಣ್ಣ ಹಿಡುವಳಿಗಳಲ್ಲಿ ಕಾಫಿ ಬೆಳೆಯುತ್ತವೆ. ಅಲ್ಲಿಗೆ ಹೋದವರು ಜೇನಿನ ಜೊತೆಗೆ ಅವರ ಕಾಫಿ ಪುಡಿಯನ್ನೂ ಕೇಳಿ ಕೊಂಡರೆ ಬೆಳೆಗಾರರು ಬೆಳೆಗಾರರಿಗೆ ಮಾಡುವ ಮರ್ಯಾದೆಯಾಗುತ್ತದೆ.

ಹೆಸರಾದ ಹೋಟೆಲುಗಳ ಪಾಠ

ಇಂದು ನಾಡಿಗೆಲ್ಲ ಗೊತ್ತಿರುವ ಹೋಟೆಲುಗಳೂ ಒಂದು ಕಾಲಕ್ಕೆ ನಾಲ್ಕು ಜನರ ಬಾಯಿಮಾತಿನಿಂದಲೇ ಬೆಳೆದವು. ಬೆಂಗಳೂರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಹೆಸರೇ ಹೇಳುವಂತೆ ಹುಡುಗರ ತಿಂಡಿಯ ಜಾಗವಾಗಿದ್ದುದು ಒಂದು ಮಸಾಲೆ ದೋಸೆಯಿಂದ ಪ್ರಸಿದ್ಧವಾಯಿತು. ಮೈಸೂರು ನಜರ್‌ಬಾದಿನ ಮೈಲಾರಿಗೆ ಹೋಗುವವರು ದೋಸೆಗಾಗಿಯೇ ಹೋಗುತ್ತಾರೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಮದ್ದೂರು ವಡೆಗೆ ರೈಲು ನಿಲ್ದಾಣವೇ ಅಂಗಡಿ. ಇವೆಲ್ಲಕ್ಕೂ ಸಮಾನವಾದ ಗುಣವೆಂದರೆ ಒಂದು ತಿನಿಸನ್ನು ಹಿಡಿದು ಅದನ್ನು ಕೆಡದಂತೆ ಕಾಪಾಡಿದ್ದು. ಹೊಗಳುವವರೂ ಹೋಟೆಲನ್ನು ಬಿಟ್ಟು ತಿನಿಸನ್ನು ಹೆಸರಿಸಿ ಹೊಗಳಿದರು. ಕೌದಳ್ಳಿಯ ಸಣ್ಣ ಹೋಟೆಲಿಗೂ ಇದೇ ನ್ಯಾಯ ಸಲ್ಲಬೇಕು.

ಕೊನೆಯ ಲೋಟ ಯಾರದು?

ಇನ್ನು ನಮಗೆ ನೇರವಾಗಿ ಸಂಬಂಧಿಸಿದ ಮಾತು. ಇಷ್ಟೆಲ್ಲ ಚೆನ್ನಾಗಿ ಉಂಡು ಕೊನೆಗೆ ಕಾಫಿ ಕೇಳಿದರೆ ಬರುವುದೇನು? ಅನೇಕ ಕಡೆ ಚಿಕೋರಿ ತುಂಬಿದ ಕಡು ಕಪ್ಪು ಡಿಕಾಕ್ಷನ್. ಕೆಲವು ಕಡೆ ದಿಢೀರ್ ಪುಡಿ. "ಕಾಫಿ ಬೇಡ ಬಿಡಿ, ಟೀ ಕೊಡಿ" ಎಂದು ಕಾಫಿ ಬೆಳೆಗಾರರೇ ಹೇಳುವ ಸ್ಥಿತಿ. ನಮ್ಮ ದೇಶದ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಒಳಗೆ ಕುಡಿಯುವವರು ಹೆಚ್ಚಿದಷ್ಟೂ ನಮಗೆ ಆಧಾರ ಹೆಚ್ಚು.

ಚಿಕೋರಿ ಒಂದು ಬೇರಿನ ಪುಡಿ. ಬಣ್ಣ, ಮಂದತನ, ಕಹಿ ಕೊಡುತ್ತದೆ. ಕಾಫಿಯ ಪರಿಮಳ ಅದರಲ್ಲಿಲ್ಲ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇಕಡಾ 51ಕ್ಕಿಂತ ಕಡಿಮೆ ಕಾಫಿ ಇರಕೂಡದು ಮತ್ತು ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿರಬೇಕು. ಹೋಟೆಲಿನವರು ಅಗ್ಗವೆಂದು ಹೆಚ್ಚು ಚಿಕೋರಿಯ ಪುಡಿ ತರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಲೋಟಕ್ಕೆ 10 ಗ್ರಾಂ ಪುಡಿ ಎಂದು ಹಿಡಿದರೆ ಒಂದು ಕಿಲೋಗೆ 100 ಲೋಟ. ಕಿಲೋಗೆ 100 ರೂಪಾಯಿ ಹೆಚ್ಚು ಕೊಟ್ಟು ಒಳ್ಳೆಯ ಪುಡಿ ತಂದರೂ ಲೋಟಕ್ಕೆ ಬೀಳುವ ಹೆಚ್ಚಿನ ಖರ್ಚು ಒಂದೇ ರೂಪಾಯಿ. ಒಳ್ಳೆಯ ಕಾಫಿಗೆ ಒಂದು ರೂಪಾಯಿ ಹೆಚ್ಚು ಕೊಡಲು ಹಿಂದೆಮುಂದೆ ನೋಡುವವರು ಕಡಿಮೆ.

ಕಾಫಿ ಲೋಟಕ್ಕೂ ಸಹಕಾರಕ್ಕೂ ಇರುವ ನಂಟು ಹಳೆಯದು. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಇಂಡಿಯನ್ ಕಾಫಿ ಹೌಸುಗಳು ಬೆಳೆದುದು ಹೀಗೆ. ನೌಕರರು ಲೋಟ ಹಿಡಿದು ಮಾಡಿದ ಕೆಲಸದಲ್ಲಿ ಒಂದಂಶವನ್ನಾದರೂ ಬೆಳೆಗಾರರು ಪುಡಿ ಹಿಡಿದು ಮಾಡಬಹುದು. ನೀವು ಮೆಚ್ಚಿದ ಹೋಟೆಲಿಗೆ ಮುಂದಿನ ಸಲ ಹೋಗುವಾಗ ಮನೆಯಲ್ಲಿ ಹುರಿದು ಪುಡಿ ಮಾಡಿದ ಕಾಲು ಕಿಲೋ ಕಾಫಿ ಒಯ್ಯಿರಿ. "ಒಂದು ದಿನ ಇದನ್ನು ಹಾಕಿ ನೋಡಿ, ಗಿರಾಕಿಗಳು ಏನೆನ್ನುತ್ತಾರೆ ಕೇಳಿ" ಎಂದು ಹೇಳಿ ಕೊಡಿ. ಉಪದೇಶಕ್ಕಿಂತ ಡಿಕಾಕ್ಷನ್ ಬೇಗ ಕೆಲಸ ಮಾಡುತ್ತದೆ.

ಶಿಫಾರಸು ಮಾಡುವವರಿಗೆ

ಕೊನೆಯದಾಗಿ ಕೆಲವು ಸೂಚನೆಗಳು.

1. ಹೋಟೆಲಿನ ಜೊತೆಗೆ ತಿನಿಸಿನ ಹೆಸರನ್ನೂ ಹೊತ್ತನ್ನೂ ಹೇಳಿ.

2. ಕೇಳುವವರು ಯಾರು, ವಯಸ್ಸಾದವರೇ, ಮಕ್ಕಳಿದ್ದಾರೆಯೇ, ಮಾಂಸ ತಿನ್ನುವವರೇ ಎಂದು ವಿಚಾರಿಸಿ ಹೇಳಿ.

3. ನೀವು ಉಂಡು ಎಷ್ಟು ಕಾಲವಾಯಿತೆಂದು ತಿಳಿಸಿ. ಅಡಿಗೆಯವರು ಬದಲಾದರೆ ಹೋಟೆಲೇ ಬದಲಾದಂತೆ.

4. ಊಟ ಚೆನ್ನಾಗಿದ್ದರೆ ಒಲೆಯ ಮುಂದಿರುವವರಿಗೂ ಒಂದು ಮಾತು ಹೇಳಿ ಬನ್ನಿ. ಕೆಟ್ಟಿದ್ದರೆ ಊರಿಗೆಲ್ಲ ಸಾರುವ ಮೊದಲು ಅವರಿಗೇ ಹೇಳಿ.

ನಾಲ್ಕು ಮೇಜಿನ ಹೋಟೆಲು ಜಾಹೀರಾತು ಕೊಡಲಾರದು. ಅದು ನಡೆಯುವುದು ಉಂಡವರ ಮಾತಿನಿಂದ. ಅಂಥ ಒಂದು ಹೋಟೆಲು ಬಾಗಿಲು ಹಾಕಿದರೆ ಆ ಕೈಯ ಉಪ್ಪುಸಾರು ಮತ್ತೆಲ್ಲಿಯೂ ಸಿಗುವುದಿಲ್ಲ, ನಮ್ಮ ಪುಡಿ ಕೊಳ್ಳಬಹುದಾಗಿದ್ದ ಒಬ್ಬ ಗಿರಾಕಿಯೂ ಹೋದಂತಾಗುತ್ತದೆ.