ನಾಲಿಗೆಯ ಬುಡದಿಂದ ಹೊರಟ ಗ್ರಂಥಿ

ನಾಲಿಗೆಯ ತೀರಾ ಹಿಂಭಾಗದಲ್ಲಿ, ಕನ್ನಡಿ ಹಿಡಿದರೂ ಸುಲಭಕ್ಕೆ ಕಾಣದಂತೆ, ಒಂದು ಪುಟ್ಟ ಗುಳಿ ಇದೆ. ವೈದ್ಯರು ಅದನ್ನು ಫೊರಾಮೆನ್ ಸೀಕಮ್ ಎನ್ನುತ್ತಾರೆ. ಏನದು ಗೊತ್ತೇ? ನಿಮ್ಮ ಥೈರಾಯ್ಡ್ ಹೊರಟುಹೋದ ಬಾಗಿಲು!

ಗರ್ಭದಲ್ಲಿ ನಾಲ್ಕನೇ ವಾರ. ಭ್ರೂಣದ ಬಾಯಿಯ ನೆಲದಲ್ಲಿ ಒಂದಿಷ್ಟು ಜೀವಕೋಶಗಳು ಗುಂಪುಗೂಡಿ ಕೆಳಕ್ಕಿಳಿಯತೊಡಗುತ್ತವೆ, ಹಿಂದೆ ಸಪೂರ ನಾಳವೊಂದನ್ನು ಬಿಟ್ಟುಕೊಂಡು. ಏಳನೇ ವಾರದ ಹೊತ್ತಿಗೆ ಕತ್ತಿನ ಮುಂಭಾಗ ಸೇರಿಯಾಯಿತು. ಆಮೇಲೆ ಆ ನಾಳವೇ ಕರಗಿಹೋಗುತ್ತದೆ! ಹೊರದಾರಿ ಮುಚ್ಚಿದ ಗ್ರಂಥಿ ತನ್ನ ಸರಕನ್ನು ಎಲ್ಲಿಗೆ ಸುರಿಯಬೇಕು? ರಕ್ತಕ್ಕೆ. ಹೈಸ್ಕೂಲಿನಲ್ಲಿ ಉರುಹೊಡೆದ ನಾಳಗ್ರಂಥಿ–ನಿರ್ನಾಳಗ್ರಂಥಿ ಎಂಬ ಒಣ ವಿಂಗಡಣೆಯ ಹಿಂದೆ ಇಂಥದೊಂದು ಪ್ರಯಾಣವಿದೆ ಎಂದು ಯಾವ ಮೇಷ್ಟರೂ ಹೇಳಲಿಲ್ಲವಲ್ಲ!

ಅದೇ ಬಾಯಿಯ ಚಾವಣಿಯಿಂದ ಇನ್ನೊಂದು ಗುಂಪು ಮೇಲಕ್ಕೆ ಹತ್ತುತ್ತದೆ, ಮಿದುಳಿನ ತಳಕ್ಕೆ ಅಂಟಿಕೊಂಡು ಪಿಟ್ಯುಟರಿಯ ಮುಂಭಾಗವಾಗುತ್ತದೆ. ಅದರ ದಾರಿಯೂ ಅಳಿಯುತ್ತದೆ. ಕೆನ್ನೆಯೊಳಗೆ ಹೊರಟದ್ದು ಮಾತ್ರ ದಾರಿ ಉಳಿಸಿಕೊಂಡು ಜೊಲ್ಲು ಗ್ರಂಥಿಯಾಯಿತು. ಮೂರೂ ಒಂದೇ ಬಾಯಿಯ ಮಕ್ಕಳು! ಆ ಉಳಿದ ದಾರಿಯನ್ನು 1660ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಂಡವನು ನಿಕೋಲಸ್ ಸ್ಟೆನೊ ಎಂಬ ಡೇನಿಶ್ ವಿದ್ಯಾರ್ಥಿ. ಕುರಿಯ ತಲೆ ಸೀಳುತ್ತಿದ್ದಾಗ ಕೆನ್ನೆಯ ನಾಳದೊಳಗೆ ತೂರಿಸಿದ ಸಲಾಕೆ ಹೋಗಿ ಹಲ್ಲಿಗೆ ಟಣ್ಣನೆ ತಾಗಿತು. ಮೇಲ್ದವಡೆಯ ಎರಡನೇ ದವಡೆಹಲ್ಲಿನ ಎದುರು, ಕೆನ್ನೆಯ ಒಳಬದಿಗೆ ನಾಲಿಗೆ ತಾಗಿಸಿ ನೋಡಿ. ಆ ಪುಟ್ಟ ಉಬ್ಬೇ ನಾಳದ ಬಾಯಿ.

ನಾಳ ಉಳಿದವುಗಳ ಆಕಾರಗಳು ಹಲವು. ದೊಡ್ಡ ಕರುಳಿನಲ್ಲಿ ನೆಟ್ಟಗಿನ ಕೊಳವೆ, ಬೆವರಿಗೆ ಸುರುಳಿ, ಜೊಲ್ಲಿಗೆ ದ್ರಾಕ್ಷಿಗೊಂಚಲು. ಕರುಳಿನ ಗೋಡೆಯಲ್ಲಂತೂ ಒಂದೊಂದು ಗಾಬ್ಲೆಟ್ ಕೋಶವೂ ತಾನೇ ಒಂದು ಪೂರ್ತಿ ಗ್ರಂಥಿ! ಇನ್ನು ಮೇದೋಜೀರಕ ಗ್ರಂಥಿ ಯಾವ ಗುಂಪಿಗೂ ಪೂರ್ತಿ ಸೇರದ ತುಂಟ. ಅದರ ಬಹುಪಾಲು ನಾಳದ ಮೂಲಕ ಜೀರ್ಣರಸ ಸುರಿಸುತ್ತದೆ. ನಡುನಡುವೆ, ಒಟ್ಟು ತೂಕದಲ್ಲಿ ಶೇಕಡಾ 1–2ರಷ್ಟೇ ಇರುವ ಕೋಶಗಳ ದ್ವೀಪಗಳು ಇನ್ಸುಲಿನ್ನನ್ನು ರಕ್ತಕ್ಕೆ ಬಿಡುತ್ತವೆ. ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲೇ ಅವನ್ನು ಕಂಡಿದ್ದ, ಏಕಿವೆ ಎಂದು ತಿಳಿದಿರಲಿಲ್ಲ. ಗ್ರಂಥಿಯನ್ನು ಅರೆದು ಇನ್ಸುಲಿನ್ ತೆಗೆಯಹೊರಟವರಿಗೆ ಎದುರಾದ ತೊಡಕು ಕೇಳಿ: ಅದರದೇ ಜೀರ್ಣರಸ ಅದರದೇ ಇನ್ಸುಲಿನ್ನನ್ನು ತಿಂದುಹಾಕುತ್ತದೆ!

ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಸಿದ್ದು ಜೀವಕೋಶ ತನ್ನ ಸರಕನ್ನು ಹೊರಹಾಕುವ ಬಗೆ. ಜೊಲ್ಲಿನ ಕೋಶ ಅದನ್ನು ಪುಟ್ಟ ಪೊಟ್ಟಣಗಳಲ್ಲಿ ಹೊರಬಿಟ್ಟು ತಾನು ಇಡಿಯಾಗಿ ಉಳಿಯುತ್ತದೆ. ಇದು ಮೆರೊಕ್ರೈನ್. ಚರ್ಮದ ಎಣ್ಣೆ ಗ್ರಂಥಿಯದು ಹೋಲೊಕ್ರೈನ್: ಕೋಶ ಜಿಡ್ಡು ತುಂಬಿಕೊಂಡು, ಉಬ್ಬಿ, ಒಡೆದು ಸಾಯುತ್ತದೆ. ನಿಮ್ಮ ಮೂಗಿನ ಮೇಲಿನ ಹೊಳಪು ಸತ್ತ ಕೋಶಗಳ ದ್ರವ್ಯ!

ಮೊಲೆಯ ಕೋಶವೋ, ಏಕಕಾಲಕ್ಕೆ ಎರಡು ದಾರಿ ಹಿಡಿಯುತ್ತದೆ. ಹಾಲಿನ ಪ್ರೋಟೀನನ್ನು ಮೆರೊಕ್ರೈನ್ ರೀತಿಯಲ್ಲಿ ಬಿಡುತ್ತದೆ. ಕೊಬ್ಬಿನ ಹನಿಗೆ ಮಾತ್ರ ತನ್ನ ಹೊರಪೊರೆಯ ತುಣುಕನ್ನೇ ಹೊದಿಸಿ ಕಳಿಸುತ್ತದೆ. ಇದು ಅಪೊಕ್ರೈನ್. ತಾಯಿಯಲ್ಲೂ ಹೀಗೆ, ಹಸುವಿನಲ್ಲೂ ಹೀಗೆ. ಹಾಲಿನಲ್ಲಿ ಕೊಬ್ಬಿನ ಹನಿಗಳು ಒಂದಕ್ಕೊಂದು ಅಂಟದೆ ತೇಲುವುದು ಆ ಹೊದಿಕೆಯಿಂದಲೇ. ಕಡೆಗೋಲು ಒಡೆಯುವುದೂ ಅದನ್ನೇ. ಹೊದಿಕೆ ಹರಿದ ಹನಿಗಳು ಕೂಡಿಕೊಂಡು ಬೆಣ್ಣೆಯಾಗಿ ಮೇಲೇಳುತ್ತವೆ. ಹರಿದ ಪೊರೆಯ ಬಹುಪಾಲು ಮಜ್ಜಿಗೆಯಲ್ಲಿ ಉಳಿಯುತ್ತದೆ. ಅದಕ್ಕೆ ನಾವು ಇಂಗಿನ ಒಗ್ಗರಣೆ ಹಾಕಿ ಕುಡಿಯುತ್ತೇವೆ!