ಚೆಸ್ ಆಡಬಹುದೇ? ಫತ್ವಾ ಹುಟ್ಟುವ ಬಗೆ

ಸೌದಿ ಅರೇಬಿಯಾದ ಆಗಿನ ಪ್ರಧಾನ ಮುಫ್ತಿ ಅಬ್ದುಲ್ ಅಝೀಝ್ ಆಲ್ ಶೇಖ್ ಅವರ ಟೀವಿ ಮಾತೊಂದು 2016ರ ಜನವರಿಯಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಚೆಸ್ ಹೊತ್ತನ್ನೂ ಹಣವನ್ನೂ ಹಾಳುಮಾಡುತ್ತದೆ, ಆಡುವವರ ನಡುವೆ ಹಗೆ ಬೆಳೆಸುತ್ತದೆ, ಅದು ಜೂಜಿನ ಸಾಲಿಗೆ ಸೇರುತ್ತದೆ ಎಂದು ಅವರು ಹೇಳಿದ್ದರು. ಸೌದಿಯಲ್ಲಿ ಚೆಸ್ ನಿಷೇಧವಾಯಿತು ಎಂಬರ್ಥದ ತಲೆಬರಹಗಳು ಬಂದವು. ಮರುವರ್ಷದ ಡಿಸೆಂಬರಿನಲ್ಲಿ ಅದೇ ದೇಶದ ರಾಜಧಾನಿ ರಿಯಾದಿನಲ್ಲಿ, ದೊರೆ ಸಲ್ಮಾನರ ಹೆಸರಿನಲ್ಲೇ, ವಿಶ್ವ ರ್‍ಯಾಪಿಡ್ ಮತ್ತು ಬ್ಲಿಟ್ಜ್ ಚೆಸ್ ಚಾಂಪಿಯನ್‌ಷಿಪ್ ನಡೆಯಿತು. ನಮ್ಮ ವಿಶ್ವನಾಥನ್ ಆನಂದ್ ರ್‍ಯಾಪಿಡ್ ಕಿರೀಟ ಗೆದ್ದದ್ದು ಅಲ್ಲಿಯೇ. ಮುಫ್ತಿ ಆಗಲೂ ಅದೇ ಹುದ್ದೆಯಲ್ಲಿದ್ದರು.

ಇದನ್ನು ಬೂಟಾಟಿಕೆ ಎಂದು ನಗುವವರಿದ್ದಾರೆ. ಆದರೆ ನಿಷೇಧ ಎಂಬುದು ಅಲ್ಲಿ ಬಂದೇ ಇರಲಿಲ್ಲ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಗೆ ಮುಫ್ತಿ ಉತ್ತರ ಕೊಟ್ಟಿದ್ದರು, ಅಷ್ಟೇ. ಫತ್ವಾ ಎಂದರೆ ಅದೇ: ಕೇಳಿದವರಿಗೆ ಕೊಟ್ಟ ಉತ್ತರ. ತೀರ್ಪು ಕೊಡುವವರು ಖಾಜಿ, ಅಭಿಪ್ರಾಯ ಹೇಳುವವರು ಮುಫ್ತಿ. ವಕೀಲರ ಅಭಿಪ್ರಾಯಕ್ಕೂ ನ್ಯಾಯಾಧೀಶರ ಆದೇಶಕ್ಕೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಇದನ್ನು ಮರೆತವರಿಗೆ ಪತ್ರಿಕೆಯಲ್ಲಿ ಬರುವ ಪ್ರತಿ ಫತ್ವಾವೂ ಆಜ್ಞೆಯಂತೆ ಕಾಣುತ್ತದೆ.

ಉತ್ತರ ಭಾರತದ ದಾರುಲ್ ಇಫ್ತಾಗಳಿಗೆ, ಅಂದರೆ ಫತ್ವಾ ವಿಭಾಗಗಳಿಗೆ, ಹೋಗುವ ಪ್ರಶ್ನೆಗಳಿಗೊಂದು ಹಳೆಯ ಚೌಕಟ್ಟಿದೆ. ಈ ವಿಷಯದಲ್ಲಿ ಧರ್ಮಪಂಡಿತರು ಏನನ್ನುತ್ತಾರೆ ಎಂದು ಆರಂಭಿಸಿ, ನಿಜವಾದ ಹೆಸರುಗಳನ್ನು ಮರೆಮಾಡಿ, ಜೈದ್ ಹೀಗೆ ಮಾಡಿದ, ಬಕರ್ ಹೀಗಂದ, ಹಿಂದಾ ಎಂಬಾಕೆಗೆ ಹೀಗಾಯಿತು ಎಂದು ಬರೆಯುತ್ತಾರೆ. ಮುಫ್ತಿ ಉತ್ತರ ಬರೆದು, ಕೊನೆಗೆ ಸರಿಯಾದುದನ್ನು ಅಲ್ಲಾಹನೇ ಬಲ್ಲ ಎಂಬರ್ಥದ ಅರಬಿ ಸಾಲು ಸೇರಿಸಿ ಸಹಿ ಹಾಕುತ್ತಾರೆ. ಆ ಕೊನೆಯ ಸಾಲು ಬರೀ ವಿನಯದ ಮಾತಲ್ಲ. ಪ್ರಶ್ನೆಯಲ್ಲಿ ಬರೆದಷ್ಟಕ್ಕೆ ಇದು ಉತ್ತರ, ಸಂಗತಿ ಬೇರೆಯಿದ್ದರೆ ಉತ್ತರವೂ ಬೇರೆ ಎಂಬ ಕಾಯ್ದಿರಿಸುವಿಕೆ ಅದರಲ್ಲಿದೆ.

ಹಲಾಲ್, ಹರಾಮ್ ಎಂಬ ಎರಡೇ ಖಾನೆಗಳಿವೆ ಎಂದು ಹೊರಗಿನವರು ಎಣಿಸುತ್ತಾರೆ. ಇರುವುದು ಐದು. ಮಾಡಲೇಬೇಕಾದದ್ದು ಫರ್ಝ್, ಮಾಡಿದರೆ ಪುಣ್ಯ ಎನ್ನುವಂಥದ್ದು ಸುನ್ನತ್ ಅಥವಾ ಮುಸ್ತಹಬ್, ಮಾಡಿದರೂ ಬಿಟ್ಟರೂ ಒಂದೇ ಆದದ್ದು ಮುಬಾಹ್, ಬಿಟ್ಟರೆ ಮೇಲು ಎನ್ನುವಂಥದ್ದು ಮಕ್ರೂಹ್, ಮಾಡಲೇಬಾರದ್ದು ಹರಾಮ್. ದಿನನಿತ್ಯದ ಬದುಕಿನ ಬಹುಪಾಲು ಮುಬಾಹ್ ಖಾನೆಯಲ್ಲೇ ಬೀಳುತ್ತದೆ. ವಾದಗಳೆಲ್ಲ ಹುಟ್ಟುವುದು ಮಕ್ರೂಹ್ ಮತ್ತು ಹರಾಮ್‌ಗಳ ಗಡಿಯಲ್ಲಿ.

ಯಾವುದು ಎಲ್ಲಿ ಬೀಳುತ್ತದೆಂದು ತೀರ್ಮಾನಿಸಲು ಮೊದಲು ಕುರ್‌ಆನ್, ಆಮೇಲೆ ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್, ಆಮೇಲೆ ಪಂಡಿತರ ಒಮ್ಮತ, ಕಡೆಗೆ ಹೋಲಿಕೆಯಿಂದ ತೆಗೆದ ತೀರ್ಮಾನ, ಅಂದರೆ ಕಿಯಾಸ್. ಇದು ಸುನ್ನಿಗಳ ಸಾಮಾನ್ಯ ಕ್ರಮ. ಹೊಸ ಕಾಲದ ಪ್ರಶ್ನೆಗಳೆಲ್ಲ ಬಂದು ನಿಲ್ಲುವುದು ಈ ಹೋಲಿಕೆಯ ಮೆಟ್ಟಿಲಿನಲ್ಲಿ. ಚೆಸ್ಸನ್ನೇ ನೋಡೋಣ.

ಕುರ್‌ಆನ್ ಹೆಂಡದ ಜೊತೆಗೆ ‘ಮೈಸಿರ್’ ಅನ್ನೂ ನಿಷೇಧಿಸುತ್ತದೆ. ಅದು ಇಸ್ಲಾಮಿಗಿಂತ ಹಿಂದಿನ ಅರಬರು ಬಾಣಗಳಿಂದ ಚೀಟಿಯೆತ್ತಿ ಒಂಟೆಯ ಮಾಂಸ ಹಂಚಿಕೊಳ್ಳುತ್ತಿದ್ದ ಜೂಜು. ಹದೀಸ್‌ನಲ್ಲಿ ‘ನರ್ದ್’ ಎಂಬ ದಾಳದಾಟಕ್ಕೆ ಕಟುವಾದ ಖಂಡನೆ ಇದೆ. ಅದು ನಮ್ಮ ಪಗಡೆಯ ಬಳಗದ್ದು. ಚೆಸ್ಸಿನ ಬಗ್ಗೆಯಾದರೆ ಎಲ್ಲರೂ ಒಪ್ಪುವಂಥ ಗಟ್ಟಿ ಹದೀಸ್ ಇಲ್ಲ. ಆ ಆಟ ಅರಬರಿಗೆ ಪರಿಚಯವಾದದ್ದು ಪರ್ಷಿಯಾ ಗೆದ್ದ ಮೇಲೆ. ಹಾಗಾಗಿ ಚೆಸ್ ದಾಳದಾಟದ ಹಾಗೋ ಅಲ್ಲವೋ ಎಂಬುದೇ ಪ್ರಶ್ನೆಯಾಯಿತು. ಹನಫಿ, ಮಾಲಿಕಿ, ಹಂಬಲಿ ಪಂಥದ ಹೆಚ್ಚಿನವರು ಹೌದು ಎಂದು ಹರಾಮ್ ಅಥವಾ ಅದರ ಹತ್ತಿರಕ್ಕೆ ತಂದಿಟ್ಟರು. ಶಾಫಿಈಗಳು ಒಪ್ಪಲಿಲ್ಲ. ದಾಳ ಅದೃಷ್ಟದ್ದು, ಚೆಸ್ ಯೋಚನೆಯದು. ಪಣವಿಲ್ಲದೆ, ನಮಾಜು ತಪ್ಪಿಸದೆ, ಬೈದಾಟವಿಲ್ಲದೆ ಆಡಿದರೆ ಹೆಚ್ಚೆಂದರೆ ಮಕ್ರೂಹ್ ಎಂಬುದು ಅವರ ವಾದ. ಪ್ರವಾದಿಯವರ ನಂತರದ ಪೀಳಿಗೆಯ ಹೆಸರಾಂತ ಪಂಡಿತ ಸಯೀದ್ ಇಬ್ನ್ ಜುಬೈರ್ ಮಣೆಯನ್ನು ನೋಡದೆಯೇ ಚೆಸ್ ಆಡುತ್ತಿದ್ದರೆಂಬ ವರದಿಯೂ ಇದೆ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈಗಳು; ಬಯಲುಸೀಮೆಯ ಉರ್ದು ಮಾತಿನ ಮುಸ್ಲಿಮರು ಹೆಚ್ಚಾಗಿ ಹನಫಿಗಳು. ಒಂದೇ ಪ್ರಶ್ನೆಗೆ ಮಂಗಳೂರಿನಲ್ಲೊಂದು, ಕಲಬುರಗಿಯಲ್ಲೊಂದು ಉತ್ತರ ಸಿಕ್ಕರೆ ಯಾರೋ ತಪ್ಪು ಹೇಳಿದರೆಂದೇನೂ ಅಲ್ಲ.

ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ತಿರುಗಿಸುವುದಕ್ಕೆ ಇರಾನಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಅಲ್ಲಿನ ಶಿಯಾ ಪರಂಪರೆಯಲ್ಲಿ ಚೆಸ್ ಜೂಜಿನ ಸಲಕರಣೆ ಎಂದೇ ಲೆಕ್ಕ. 1979ರ ಕ್ರಾಂತಿಯ ನಂತರ ಅದಕ್ಕೆ ತಡೆ ಬಿತ್ತು. 1988ರಲ್ಲಿ ಖೊಮೇನಿಯವರ ಮುಂದೆ ಪ್ರಶ್ನೆ ಬಂದ ಬಗೆಯೇ ಬೇರೆ: ಚೆಸ್ ಈಗ ಜೂಜಿನ ಸಲಕರಣೆಯಾಗಿ ಉಳಿದಿಲ್ಲ, ಬರೀ ಬುದ್ಧಿಯ ಆಟವಾಗಿದೆ ಎಂದಾದರೆ ಏನು ಹೇಳುತ್ತೀರಿ? ಹಾಗಾಗಿದ್ದರೆ, ಪಣವೂ ಇಲ್ಲದಿದ್ದರೆ, ಅಡ್ಡಿಯಿಲ್ಲ ಎಂದರು. ಶಾಸ್ತ್ರದ ನಿಯಮ ಕೂದಲೆಳೆಯಷ್ಟೂ ಅಲುಗಲಿಲ್ಲ. ಆಟದ ಬಗೆಗಿನ ಸಂಗತಿ ಬದಲಾಯಿತು ಅಷ್ಟೇ. ಅಫ್ಘಾನಿಸ್ತಾನದ ತಾಲಿಬಾನ್ 2025ರ ಮೇ ತಿಂಗಳಿನಲ್ಲಿ ಚೆಸ್ಸನ್ನು ತಡೆದದ್ದೂ ಜೂಜಿನ ಕಾರಣ ಕೊಟ್ಟೇ. ಆದರೆ ಅದು ಫತ್ವಾ ಅಲ್ಲ, ಸರ್ಕಾರದ ಕ್ರಮ.

ಇದೇ ಅಳತೆಗೋಲನ್ನು ನಮ್ಮೂರಿನ ಕ್ರಿಕೆಟ್ ಟೂರ್ನಿಗೆ ಹಿಡಿಯಬಹುದು. ಆಟಕ್ಕೆ ತಕರಾರಿಲ್ಲ. ಹಬ್ಬದ ದಿನ ಮಸೀದಿಯ ಅಂಗಳದಲ್ಲಿ ಅಬಿಸೀನಿಯದವರು ಭರ್ಜಿಯಾಟ ಆಡಿದ್ದನ್ನು ಪ್ರವಾದಿಯವರು ಪತ್ನಿ ಆಯಿಶಾರಿಗೆ ತೋರಿಸಿದರೆಂದೂ, ಆಯಿಶಾರ ಜೊತೆ ತಾವೇ ಓಟದ ಪಂದ್ಯ ಓಡಿದರೆಂದೂ ಹದೀಸ್‌ಗಳಿವೆ. ತೊಡಕು ಬರುವುದು ದುಡ್ಡಿನಲ್ಲಿ. ತಂಡಗಳೆಲ್ಲ ಎಂಟ್ರಿ ಫೀ ಕಟ್ಟಿ, ಆ ದುಡ್ಡನ್ನೇ ಗೆದ್ದವರು ಬಾಚಿಕೊಂಡರೆ ಅದು ಪಣ, ಆದ್ದರಿಂದ ಜೂಜು. ಫೀಯನ್ನು ಮೈದಾನ, ಚೆಂಡು, ಅಂಪೈರ್ ಖರ್ಚಿಗೆ ಬಳಸಿ, ಬಹುಮಾನವನ್ನು ಹೊರಗಿನ ಪ್ರಾಯೋಜಕರು ಕೊಟ್ಟರೆ ಅದು ಜೂಜಲ್ಲ. ಆನ್‌ಲೈನ್ ಫ್ಯಾಂಟಸಿ ಕ್ರಿಕೆಟ್ ಈ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಸೋಲುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದ ಸಂಸತ್ತು 2025ರ ಕಾಯ್ದೆಯಲ್ಲಿ ನಿಷೇಧಿಸಿದ್ದು ಬೇರೆಯೇ ದಾರಿಯಲ್ಲಿ, ಆದರೆ ತಲುಪಿದ ಜಾಗ ಒಂದೇ.

ಸಂಗೀತದ ಜಗಳ ಸಾವಿರ ವರ್ಷ ಹಳೆಯದು. ವಾದ್ಯಗಳ ವಿರುದ್ಧದ ಹದೀಸ್‌ಗಳು ದುರ್ಬಲ ಎಂದ ಸ್ಪೇನಿನ ಇಬ್ನ್ ಹಝ್ಮ್ ಒಂದು ಕಡೆ, ಖಂಡಿತ ಕೂಡದೆಂದ ಇಬ್ನ್ ತೈಮಿಯಾ ಇನ್ನೊಂದು ಕಡೆ, ನಡುವೆ ಕೇಳುವವನ ಮನಸ್ಸನ್ನು ನೋಡಬೇಕೆಂದ ಗಝಾಲಿ. ಕಲಬುರಗಿಯ ಖ್ವಾಜಾ ಬಂದೇ ನವಾಜರ ಚಿಶ್ತಿ ಪರಂಪರೆಗೆ ಕವ್ವಾಲಿಯ ಕೂಟ ಸಾಧನೆಯ ಭಾಗ. ಒಳಹೊಕ್ಕರೆ ಇದಕ್ಕೇ ಬೇರೊಂದು ಲೇಖನ ಬೇಕು.

ರೂಢಿ, ಸಂಪ್ರದಾಯಗಳ ಪ್ರಶ್ನೆಗೆ ಬಂದರೆ ಒಂದು ಕೀಲಿ ಗೊತ್ತಿರಬೇಕು. ಆರಾಧನೆಯಲ್ಲಿ ಆಧಾರವಿಲ್ಲದ್ದನ್ನು ಸೇರಿಸಕೂಡದು. ಲೋಕವ್ಯವಹಾರದಲ್ಲಿ ನಿಷೇಧದ ಆಧಾರ ಸಿಗುವ ತನಕ ಎಲ್ಲಕ್ಕೂ ಅನುಮತಿಯಿದೆ. ಬಹುಪಾಲು ಪಂಡಿತರು ಒಪ್ಪಿದ ಸೂತ್ರ ಇದು. ಹಾಗಾದರೆ ಕಾಫಿ? 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಪಂಡಿತರನ್ನೂ ವೈದ್ಯರನ್ನೂ ಸೇರಿಸಿ, ಕಾಫಿ ಅಮಲಿನ ಹಾಗೆ ಎಂದು ತಡೆ ಹಾಕಿಸಿದ. ಕಾಫಿಯನ್ನು ಬೀದಿಯಲ್ಲಿ ಸುಟ್ಟರು. ಯೆಮನ್‌ನ ಸೂಫಿಗಳು ರಾತ್ರಿಯ ಧ್ಯಾನದಲ್ಲಿ ನಿದ್ದೆ ಬಾರದಿರಲಿ ಎಂದು ಕುಡಿಯುತ್ತಿದ್ದ ಪಾನೀಯ ಅದು! ಕೈರೋದಿಂದ ಬಂದ ಸುಲ್ತಾನನ ಆದೇಶ ಕಾಫಿಯನ್ನು ಬಿಟ್ಟು, ಅದರ ನೆಪದಲ್ಲಿ ಸೇರುವ ಕೂಟಗಳನ್ನಷ್ಟೇ ತಡೆಯಿತು. ಅಮಲೇರುವುದಿಲ್ಲ ಎಂಬುದು ಕುಡಿದವರಿಗೆಲ್ಲ ಗೊತ್ತಿದ್ದ ಸಂಗತಿ, ಆದ್ದರಿಂದ ಹೆಂಡದ ಹೋಲಿಕೆ ನಿಲ್ಲಲಿಲ್ಲ. ಹಜ್‌ನಿಂದ ಮರಳುತ್ತ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಪ್ರತೀತಿಯಿರುವ ಬಾಬಾ ಬುಡನ್ ಕೂಡ ಸೂಫಿಯೇ. ಆ ತಡೆ ನಿಂತಿದ್ದರೆ ಚಿಕ್ಕಮಗಳೂರಿನ ಚರಿತ್ರೆ ಬೇರೆಯಾಗುತ್ತಿತ್ತು.

ಉಡುಪಿನ ಪ್ರಶ್ನೆಗೆ 1903ರ ಟ್ರಾನ್ಸ್‌ವಾಲ್ ಫತ್ವಾ ಪ್ರಸಿದ್ಧ. ದಕ್ಷಿಣ ಆಫ್ರಿಕಾದಿಂದ ಈಜಿಪ್ಟಿನ ಮುಫ್ತಿ ಮುಹಮ್ಮದ್ ಅಬ್ದುಹು ಅವರಿಗೆ ಮೂರು ಪ್ರಶ್ನೆ ಬಂತು: ವ್ಯವಹಾರಕ್ಕಾಗಿ ಯುರೋಪಿನ ಹ್ಯಾಟು ಹಾಕಬಹುದೇ, ಅಲ್ಲಿನ ಕ್ರೈಸ್ತರು ಕೊಯ್ದ ಮಾಂಸ ತಿನ್ನಬಹುದೇ, ಹನಫಿ ಇಮಾಮರ ಹಿಂದೆ ಶಾಫಿಈಗಳು ನಮಾಜು ಮಾಡಬಹುದೇ? ಮೂರಕ್ಕೂ ಅವರು ಹೌದೆಂದರು. ಹ್ಯಾಟು ಹಾಕುವವನಿಗೆ ಧರ್ಮ ಬಿಡುವ ಉದ್ದೇಶವಿಲ್ಲದೆ, ಬಿಸಿಲಿನಂಥ ಅಗತ್ಯವಿದ್ದರೆ ದೋಷವಿಲ್ಲ ಎಂಬುದು ಅವರ ನಿಲುವು. ಕೈರೋದ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಅನ್ಯಧರ್ಮೀಯರನ್ನು ಅನುಕರಿಸಬಾರದು ಎಂಬ ನಿಯಮವನ್ನು ಎಷ್ಟು ಎಳೆಯಬಹುದು ಎಂಬ ಆ ವಾದ ಟೈ, ಪ್ಯಾಂಟುಗಳನ್ನು ದಾಟಿ ಇವತ್ತು ಹುಟ್ಟುಹಬ್ಬದ ಕೇಕಿನ ತನಕ ಬಂದಿದೆ.

ಕೇಕಿನ ವಿಷಯದಲ್ಲಿ ಜಗಳ ಹರಾಮ್ ಹಲಾಲ್‌ಗಿಂತ ಮೊದಲೇ ಶುರುವಾಗುತ್ತದೆ. ಹುಟ್ಟುಹಬ್ಬ ಲೋಕರೂಢಿ ಎಂದು ಎಣಿಸುವ ಮುಫ್ತಿ, ದುಂದುವೆಚ್ಚ ಬೇಡ ಎಂದಷ್ಟೇ ಹೇಳಿ ಬಿಡುತ್ತಾರೆ. ವರ್ಷವರ್ಷ ಬರುವ ಆಚರಣೆ ‘ಈದ್’, ಈದ್ ಎಂಬುದು ಆರಾಧನೆ, ಅದರಲ್ಲಿ ಎರಡಕ್ಕಿಂತ ಹೆಚ್ಚಿಲ್ಲ ಎಂದು ಎಣಿಸುವವರಿಗೆ ಅದೇ ಕೇಕು ಬಿದ್ಅತ್, ಅಂದರೆ ಧರ್ಮಕ್ಕೆ ಸೇರಿಸಿದ ಹೊಸತು. ಸೌದಿಯ ಇಬ್ನ್ ಬಾಝ್ ಈ ಎರಡನೆಯ ಸಾಲಿನವರು. ಈದ್ ಮಿಲಾದ್ ಬಗ್ಗೆ ಬರೇಲ್ವಿಗಳಿಗೂ ಸಲಫಿಗಳಿಗೂ ಮುಗಿಯದ ವಾದ ಇರುವುದೂ ಇದೇ ಕಾರಣಕ್ಕೆ. 1505ರಲ್ಲಿ ತೀರಿಕೊಂಡ ಸುಯೂತಿ ಮಿಲಾದನ್ನು ಒಳ್ಳೆಯ ಹೊಸತು ಎಂದು ಸಮರ್ಥಿಸಿ ಪುಸ್ತಕವನ್ನೇ ಬರೆದಿದ್ದರು. ನನಗನಿಸುವಂತೆ ಇಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಉತ್ತರಿಸುತ್ತಲೇ ಇಲ್ಲ. ವಿಷಯವನ್ನು ಬೇರೆಬೇರೆ ಖಾನೆಗೆ ಹಾಕಿಕೊಂಡು ತಂತಮ್ಮ ಖಾನೆಯ ನಿಯಮ ಓದುತ್ತಿದ್ದಾರೆ.

ಯಂತ್ರಗಳ ವಿಷಯದಲ್ಲಿ ಅಭಿಪ್ರಾಯ ಬದಲಾದದ್ದೂ ಉಂಟು. ಲೌಡ್‌ಸ್ಪೀಕರ್ ಬಂದಾಗ, ಅದರಿಂದ ಹೊರಡುವುದು ಇಮಾಮರ ದನಿಯೋ ಅದರ ಪ್ರತಿಧ್ವನಿಯೋ ಎಂಬ ಸಂದೇಹದಿಂದ ದೇವಬಂದ್ ಪರಂಪರೆಯ ಹಿರಿಯರು ನಮಾಜಿನಲ್ಲಿ ಬೇಡವೆಂದಿದ್ದರು. ವಿಜ್ಞಾನ ಬಲ್ಲವರನ್ನು ವಿಚಾರಿಸಿದ ಮೇಲೆ ಅದೇ ಪರಂಪರೆ ಒಪ್ಪಿತು. ಫೋಟೋದ ಕಥೆ ಇನ್ನೂ ಮುಗಿದಿಲ್ಲ. ಜೀವಿಗಳ ಚಿತ್ರ ಬರೆಯುವುದಕ್ಕೆ ಹದೀಸ್‌ನಲ್ಲಿ ಅಡ್ಡಿಯಿದೆ. ಫೋಟೋ ಬರೆದದ್ದಲ್ಲ, ಹಿಡಿದಿಟ್ಟ ನೆರಳು ಎಂದು ಈಜಿಪ್ಟಿನ ಮುಫ್ತಿ ಬಖೀತ್ ಅಲ್ ಮುತೀಈ ವಾದಿಸಿದರು. ಒಪ್ಪದವರೂ ಪಾಸ್‌ಪೋರ್ಟಿಗೆ ಅನುಮತಿ ಕೊಡುತ್ತಾರೆ, ಏಕೆಂದರೆ ಅದಿಲ್ಲದೆ ಹಜ್ ಇಲ್ಲ. ಅನಿವಾರ್ಯತೆ ಅಡ್ಡಿಯನ್ನು ಸಡಿಲಿಸುತ್ತದೆ ಎಂಬ ಸೂತ್ರ ಇಲ್ಲಿ ಕೆಲಸಕ್ಕೆ ಬಂತು.

ನಂಬಿಕೆಯ ವಿಷಯಕ್ಕೆ ಬಂದಾಗ ಈ ಸಡಿಲಿಕೆಗಳು ನಿಲ್ಲುತ್ತವೆ. ಅಲ್ಲಿ ಐದು ಖಾನೆಗಳ ಲೆಕ್ಕವಿಲ್ಲ, ರೂಢಿಗೆ ಮಾನ್ಯತೆಯಿಲ್ಲ. ಪ್ರವಾದಿಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೂ ಮಂಕಾದ ಎಂದು ಜನ ಆಡಿಕೊಂಡರು. ಪುತ್ರಶೋಕದಲ್ಲಿದ್ದ ತಂದೆ ಆ ಮಾತನ್ನು ಒಪ್ಪಲಿಲ್ಲ: ಸೂರ್ಯಚಂದ್ರರಿಗೆ ಯಾರ ಸಾವಿನಿಂದಲೂ ಹುಟ್ಟಿನಿಂದಲೂ ಗ್ರಹಣ ಹಿಡಿಯದು ಎಂದು ಹೇಳಿ ನಮಾಜಿಗೆ ನಿಂತರು. ಭವಿಷ್ಯ ಹೇಳುವವರ ಬಳಿ ಹೋಗುವುದನ್ನು ಎಲ್ಲ ಪಂಥಗಳೂ ತಡೆಯುವುದಕ್ಕೆ ಹಿನ್ನೆಲೆ ಇಂಥದ್ದು. ತಾಯಿತದಲ್ಲಿ ಮಾತ್ರ ಭಿನ್ನಮತವಿದೆ. ಕುರ್‌ಆನ್ ವಾಕ್ಯವಿದ್ದರೆ ಆದೀತೆಂದು ಕೆಲವರು, ಯಾವುದೂ ಕೂಡದೆಂದು ಕೆಲವರು. ತಾಯಿತಕ್ಕೇ ಶಕ್ತಿಯಿದೆ ಎಂದು ನಂಬಿದರೆ ಅದು ಶಿರ್ಕ್, ದೇವರಿಗೆ ಸಹಭಾಗಿಯನ್ನು ಕಲ್ಪಿಸಿದಂತೆ ಎಂಬುದರಲ್ಲಿ ಇಬ್ಬರೂ ಒಂದೇ.

ಕೊಟ್ಟ ಫತ್ವಾ ಮನಸ್ಸಿಗೆ ಒಪ್ಪದಿದ್ದರೆ ಕೇಳಿದವರು ಇನ್ನೊಬ್ಬ ಮುಫ್ತಿಯ ಬಳಿ ಹೋಗಬಹುದು. ಅನುಕೂಲವಾದ ಉತ್ತರ ಸಿಗುವ ತನಕ ಬಾಗಿಲು ಬಡಿಯುತ್ತ ಹೋಗುವುದನ್ನು ಮಾತ್ರ ಶಾಸ್ತ್ರಕಾರರು ಇಷ್ಟಪಡುವುದಿಲ್ಲ. ಭಾರತದಲ್ಲಿ ಇದರ ಕಾನೂನಿನ ಬೆಲೆಯೂ ಇತ್ಯರ್ಥವಾಗಿದೆ. 2014ರ ಜುಲೈ 7ರಂದು ಸುಪ್ರೀಂ ಕೋರ್ಟ್, ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ, ಫತ್ವಾ ಕೇಳುವುದೂ ಕೊಡುವುದೂ ಅಪರಾಧವಲ್ಲ, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಅದನ್ನು ಹೇರುವಂತಿಲ್ಲ, ಸಂಬಂಧವಿಲ್ಲದ ಮೂರನೆಯವರು ಕೇಳಿದರೆಂದು ಒಬ್ಬ ವ್ಯಕ್ತಿಯ ಹಕ್ಕಿಗೆ ಧಕ್ಕೆ ತರುವ ಫತ್ವಾ ಕೊಡಕೂಡದು ಎಂದು ಹೇಳಿತು.