ಹೊಳೆಯ ಈಜು ಕಡಲಿಗೆ ಸಾಲದು

ಪರೀಕ್ಷೆ ಮುಗಿದು ಬಿಸಿಲು ಏರಿತೆಂದರೆ ರುದ್ರಪಟ್ಟಣ, ಕೊಣನೂರು, ರಾಮನಾಥಪುರದ ಕಡೆಯ ಹುಡುಗರಿಗೆ ಊರಲ್ಲಿ ಕಾಲು ನಿಲ್ಲುವುದಿಲ್ಲ. ತಲೆಗಿಷ್ಟೆಂದು ದುಡ್ಡು ಹಾಕಿ ಬಾಡಿಗೆ ವ್ಯಾನು ಗೊತ್ತುಮಾಡುವುದು, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವುದು. ಮನೆಯಲ್ಲಿ ಹೇಳಿ ಹೊರಡುವುದು ಧರ್ಮಸ್ಥಳ, ಉಡುಪಿ ದರ್ಶನಕ್ಕೆಂದು. ಮನಸ್ಸೆಲ್ಲ ಮಲ್ಪೆಯ ದೋಣಿಯ ಮೇಲೆ!

ಆಸೆಪಡುವುದು ತಪ್ಪಲ್ಲ. ಮಲ್ಪೆಯಿಂದ ಸಮುದ್ರದಲ್ಲಿ ಕೆಲವು ಕಿಲೋಮೀಟರ್ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪಗಳು ನೋಡತಕ್ಕವೇ. ಬಡಗಿ ಕೆತ್ತಿ ನಿಲ್ಲಿಸಿದಂತೆ ಮೂಲೆಮೂಲೆಯಾದ ಕಲ್ಲುಕಂಬಗಳು. ಯಾರೂ ಕೆತ್ತಿದ್ದಲ್ಲ. ಭೂಮಿಯೊಳಗಿನಿಂದ ಉಕ್ಕಿದ ಲಾವಾ ಆರುತ್ತ ಕುಗ್ಗಿ, ಬಿರುಕು ಬಿಟ್ಟು ಹೀಗೆ ನಿಂತಿದೆ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದಿನ ಮಾತು. ಮಡಗಾಸ್ಕರ್ ಆಗ ನಮ್ಮ ನೆಲದಿಂದ ಬಿಡಿಸಿಕೊಳ್ಳುತ್ತಿತ್ತಂತೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂದೂ ಹೇಳುತ್ತಾರೆ. ಅದಿರಲಿ.

ತೊಂದರೆ ಇರುವುದು ಬೇರೆ ಕಡೆ. "ಹುಷಾರು ಕಣ್ರೋ" ಎಂದು ತಾಯಂದಿರು ಅಂದರೆ, "ಅಯ್ಯೋ ಬಿಡಮ್ಮ, ಕಾವೇರಿ ಹೊಳೇಲಿ ಈಜಿ ಬೆಳ್ದೋರು ನಾವು" ಎಂಬುದು ಸಿದ್ಧ ಉತ್ತರ. ಇಲ್ಲೇ ಎಡವುವುದು. ಹೊಳೆ ಎಳೆಯುವುದು ಒಂದೇ ದಿಕ್ಕಿಗೆ. ಸೆಳವಿನ ಜೊತೆ ಓರೆಯಾಗಿ ಸಾಗಿದರೆ ಮುಂದೆಲ್ಲೋ ದಡ ಸಿಕ್ಕೀತು. ಕಡಲಿಗೆ ಅಂಥ ನ್ಯಾಯವಿಲ್ಲ. ಅಲೆ ತಂದು ಬಡಿಯುತ್ತದೆ, ಹಿಂದಿರುಗುವ ನೀರು ಒಳಕ್ಕೆ ಎಳೆಯುತ್ತದೆ. ಕಾಲೂರೋಣವೆಂದರೆ ಪಾಚಿಗಟ್ಟಿದ ಬಂಡೆ. 2022ರ ಏಪ್ರಿಲ್‌ನಲ್ಲಿ ಗೆಳೆಯರೊಡನೆ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ಹುಡುಗರು ಇದೇ ದ್ವೀಪದಲ್ಲಿ ನೀರುಪಾಲಾದರು. ಅವರೂ ರಜೆಯ ಖುಷಿಯಲ್ಲೇ ಮನೆ ಬಿಟ್ಟವರು.

ದೋಣಿಯ ಕಥೆ ಇನ್ನೊಂದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಮಂದಿ ಸತ್ತರು. ಜನ ಹೆಚ್ಚಾಗಿದ್ದರು, ಜಾಕೆಟ್ ತೊಟ್ಟಿರಲಿಲ್ಲ ಎಂದು ಆಗ ವರದಿಯಾಗಿತ್ತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮತ್ತೆ ಅದೇ. ಕತ್ತಲಾಗುವ ಹೊತ್ತಿನಲ್ಲಿ ಕಿಕ್ಕಿರಿದು ಹೊರಟ ಪ್ರವಾಸಿ ದೋಣಿ ಮುಳುಗಿ 22 ಜೀವ ಹೋಯಿತು. ಅದರಲ್ಲಿ ಮಕ್ಕಳೂ ಅನೇಕ.

ವಿಚಿತ್ರವೆಂದರೆ, ಹೊಳೆಸಾಲಿನವರಿಗೆ ಈ ಪಾಠ ಹೊಸದಲ್ಲ. ಹರಿಗೋಲು ಹತ್ತಿದವರು ಸುತ್ತಲೂ ಸಮನಾಗಿ ಕೂರಬೇಕು, ನಡುವೆ ಏಳಬಾರದು, ಅಂಬಿಗ ಸಾಕೆಂದ ಮೇಲೆ ಇನ್ನೊಬ್ಬ ಕಾಲಿಡಬಾರದು. ಅಜ್ಜಂದಿರು ಬೈದು ಕಲಿಸಿದ್ದೇ ಇದು. ಮಲ್ಪೆಗೆ ಹೋದಾಗ ಮಾತ್ರ ಮರೆವು! ಫೋಟೋಕ್ಕೆಂದು ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗುವುದು. ಜಾಕೆಟ್ ಕೊಟ್ಟರೆ "ಶೆಕೆ ಮಾರಾಯ" ಎಂದು ತೊಡೆಯ ಮೇಲಿಟ್ಟುಕೊಳ್ಳುವುದು. ತೊಡೆಯ ಮೇಲಿನ ಜಾಕೆಟ್ ಯಾರನ್ನು ತೇಲಿಸೀತು? ಗುಂಡು ಹಾಕಿ ಬಂಡೆ ಹತ್ತುವ ಶೂರರ ಮಾತಂತೂ ಬೇಡ.

ಹೋಗುವವರು ಬೆಳಗಿನ ದೋಣಿಯಲ್ಲೇ ಹೋಗಿ ಹೊತ್ತಿರುವಾಗಲೇ ಮರಳಲಿ. ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಗುಂಪಿನ ತಲೆ ಎಣಿಸಲಿ. ಕಾವಲಿನವರು ಸೀಟಿ ಊದಿದರೆ ಜಗಳಕ್ಕೆ ನಿಲ್ಲದೆ ಮೇಲೆ ಬರಲಿ. ಮಳೆಗಾಲ ಹಿಡಿದರೆ ದ್ವೀಪಕ್ಕೆ ದೋಣಿ ಬಂದ್. ಹಾಗೆಂದು ಮೇ ಕೊನೆಯಲ್ಲಿ ಕಡಲು ಕದಡಿದಾಗ "ಇಷ್ಟು ದೂರ ಬಂದಿದ್ದೀವಿ, ಬಿಡಿ ಸಾರ್" ಎಂದು ದೋಣಿಯವರ ಕೈಕಾಲು ಹಿಡಿಯುವುದೂ ಬೇಡ.

ಅಷ್ಟು ದೂರದ ಖರ್ಚು ಬೇಡವೆನ್ನುವವರಿಗೆ ಹಾಸನದ ಬಳಿ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಇದೆ. ಮಳೆಗಾಲದಲ್ಲಿ ಗೊರೂರು ಹೇಮಾವತಿಯ ಹಿನ್ನೀರು ಸುತ್ತಿ ಅದೇ ದ್ವೀಪವಾಗುತ್ತದೆ, ಬೇಸಗೆಯಲ್ಲಿ ನಡೆದೇ ಹೋಗಬಹುದು. ಆದರೆ ಆ ಹಿನ್ನೀರಿನಡಿ ಹಳ್ಳವೆಲ್ಲಿ, ಹೂಳೆಲ್ಲಿ ಎಂಬುದು ದಡದಲ್ಲಿ ನಿಂತವರಿಗೆ ಕಾಣದು. ಅಲ್ಲಿಯೂ ಈಜಿಗೆ ಇಳಿಯದಿರುವುದೇ ಲೇಸು.